ರೋಗಿಯ ಮೈಯೊಳಗಿನ ಲೆಕ್ಕ

ಕೋವಿಡ್ ಕಾಲದಲ್ಲಿ ಗಣಿತದ ಮಾದರಿ ಎಂದರೆ ನಮಗೆ ಕಂಡದ್ದು ಊರಿಂದೂರಿಗೆ ಸೋಂಕು ಏರುವ ರೇಖೆಗಳು. ಆದರೆ ವೈರಾಣು ರೂಪ ಬದಲಿಸುವುದು ಒಬ್ಬೊಬ್ಬರ ಮೈಯೊಳಗೆ. ಆ ಒಳಗನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಮುನ್ನೋಟ ಅರೆಬರೆಯದು ಎಂದೇ ನನ್ನ ವಾದ.

ಈ ಒಳಲೆಕ್ಕ ಬಲಿತದ್ದು ಎಚ್‌ಐವಿ ಅಧ್ಯಯನದಲ್ಲಿ. 1990ರ ದಶಕದ ನಡುವೆ ಅಲನ್ ಪೆರೆಲ್ಸನ್, ಡೇವಿಡ್ ಹೋ ಮತ್ತು ಸಂಗಡಿಗರು ಔಷಧ ಕೊಟ್ಟ ಮೇಲೆ ರಕ್ತದಲ್ಲಿ ವೈರಾಣು ಇಳಿಯುವ ವೇಗವನ್ನು ಸಮೀಕರಣಗಳಿಗೆ ಹೊಂದಿಸಿ ನೋಡಿದರು. ಆರೋಗ್ಯವಂತ ಜೀವಕೋಶ, ಸೋಂಕಿತ ಜೀವಕೋಶ, ಬಿಡಿ ವೈರಾಣು, ಈ ಮೂರರ ಏರಿಳಿತವೇ ಲೆಕ್ಕದ ತಿರುಳು. ವರ್ಷಗಟ್ಟಲೆ ಸುಮ್ಮನಿದ್ದಂತೆ ಕಾಣುವ ಆ ರೋಗದಲ್ಲಿ ದಿನಕ್ಕೆ ಸುಮಾರು 1,000 ಕೋಟಿ ಕಣಗಳು ಹುಟ್ಟುತ್ತವೆ ಎಂಬುದು ಹೊರಬಿತ್ತು. ಅಷ್ಟು ಪ್ರತಿಗಳಲ್ಲಿ ಒಂದು ಔಷಧಕ್ಕೆ ಬಗ್ಗದ ರೂಪ ಹುಟ್ಟದೆ ಇರದು. ಆದರೆ ಮೂರು ಔಷಧಗಳಿಗೂ ಒಮ್ಮೆಗೇ ಬಗ್ಗದ ರೂಪ ಹುಟ್ಟುವುದು ತೀರಾ ಕಷ್ಟ. ಮೂರು ಔಷಧಗಳನ್ನು ಜೊತೆಗೆ ಕೊಡುವ ಚಿಕಿತ್ಸೆಗೆ ಬಲ ಬಂದದ್ದು ಈ ಲೆಕ್ಕದಿಂದಲೂ ಹೌದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರೇಂದ್ರ ದೀಕ್ಷಿತ್ ಎಚ್‌ಐವಿ, ಹೆಪಟೈಟಿಸ್ ಸಿ ವೈರಾಣುಗಳ ಮೇಲೆ ಈ ಬಗೆಯ ಮಾದರಿಗಳನ್ನು ಕಟ್ಟಿದ್ದಾರೆ.

ಕೊರೊನಾದ ನಡೆ ಬೇರೆ. ಅದರ ಜೀನೋಮಿನಲ್ಲಿ ಸುಮಾರು 30,000 ಅಕ್ಷರಗಳಿವೆ, ಪ್ರತಿ ತೆಗೆಯುವಾಗ ತಪ್ಪು ತಿದ್ದುವ ಕಿಣ್ವವೂ ಇದೆ. ಸಾಮಾನ್ಯ ಸೋಂಕು ಒಂದೆರಡು ವಾರದ್ದು. ದೇಹದ ಪ್ರತಿರೋಧ ಗಟ್ಟಿಯಾಗುವಷ್ಟರಲ್ಲಿ ವೈರಾಣು ಮತ್ತೊಬ್ಬರಿಗೆ ದಾಟಿರುತ್ತದೆ, ದಾಟುವುದೂ ಕೆಲವೇ ಕಣಗಳು. ಹೊಸ ರೂಪ ಬೇರೂರಲು ಪುರುಸೊತ್ತೇ ಇಲ್ಲ.

ಪ್ರತಿರೋಧ ಕುಗ್ಗಿದವರಲ್ಲಿ ಆ ಪುರುಸೊತ್ತು ಸಿಗುತ್ತದೆ. ಪ್ರತಿರೋಧದ ಒತ್ತಡವೇ ಇಲ್ಲದಿದ್ದರೆ ವೈರಾಣು ಬದಲಾಗಬೇಕಿಲ್ಲ. ಒತ್ತಡ ವಿಪರೀತವಾದರೆ ಅದು ಉಳಿಯುವುದಿಲ್ಲ. ಅಪಾಯ ಇರುವುದು ನಡುವೆ, ವೈರಾಣುವನ್ನು ಕೊಲ್ಲಲಾರದ ಆದರೆ ಬಗ್ಗದ ರೂಪಗಳನ್ನು ಆಯ್ದು ಉಳಿಸಬಲ್ಲ ಒತ್ತಡದಲ್ಲಿ. 2020ರಲ್ಲಿ ಕೇಂಬ್ರಿಜ್‌ನಲ್ಲಿ ನೂರು ದಿನ ಮೀರಿ ಸೋಂಕು ಉಳಿದ ಒಬ್ಬ ರೋಗಿಯನ್ನು ರವೀಂದ್ರ ಗುಪ್ತಾ ಅವರ ತಂಡ ಅಭ್ಯಸಿಸಿತು. ಮೊದಲ ಎರಡು ತಿಂಗಳು ವೈರಾಣು ಹೆಚ್ಚೇನೂ ಬದಲಾಗಲಿಲ್ಲ. ಗುಣಮುಖರ ಪ್ಲಾಸ್ಮಾ, ಅಂದರೆ ಪ್ರತಿಕಾಯಗಳಿರುವ ರಕ್ತದ್ರವ, ಕೊಟ್ಟ ಮೇಲೆ ರೂಪಾಂತರಿಯೊಂದು ಮೇಲೆದ್ದು, ಪ್ಲಾಸ್ಮಾದ ಪ್ರಭಾವ ಇಳಿದಾಗ ಹಿಂದೆ ಸರಿದು, ಮತ್ತೆ ಕೊಟ್ಟಾಗ ಮರಳಿತು. ಸ್ಪೈಕ್ ಪ್ರೋಟೀನಿನಲ್ಲೇ 30ಕ್ಕೂ ಹೆಚ್ಚು ಬದಲಾವಣೆ ಹೊತ್ತು 2021ರ ನವೆಂಬರಿನಲ್ಲಿ ಬೆಳಕಿಗೆ ಬಂದ ಒಮಿಕ್ರಾನ್ ಇಂಥ ದೀರ್ಘ ಸೋಂಕಿನಿಂದಲೇ ಬಂದಿರಬಹುದೆಂದು ಹಲವರು ನಂಬುತ್ತಾರೆ, ಸಾಬೀತಾಗಿಲ್ಲ.

ಮಾದರಿಗೂ ಮಿತಿಯಿದೆ. ಮೂಗಿನ ದ್ರವದ ಅಳತೆ ಶ್ವಾಸಕೋಶದ ಕಥೆ ಪೂರ್ತಿ ಹೇಳದು. ಪ್ರತಿರೋಧ ಕುಗ್ಗಿದವರಲ್ಲಿ ಹೊಸ ರೂಪ ಬೇರೂರಬಹುದೆಂಬ ಈ ವಾದವನ್ನು ಆ ರೋಗಿಗಳ ಮೇಲಿನ ದೂರಾಗಿ ತಿರುಗಿಸುವುದಂತೂ ಅನ್ಯಾಯ. ಅದು ಹೇಳುವುದು ಅವರ ಚಿಕಿತ್ಸೆ ಎಲ್ಲರ ಹಿತದ ಕೆಲಸವೆಂದು. ದಕ್ಷಿಣ ಆಫ್ರಿಕಾದಲ್ಲಿ ಎಚ್‌ಐವಿ ಹತೋಟಿ ತಪ್ಪಿದ್ದ ಒಬ್ಬರಲ್ಲಿ ಕೊರೊನಾ ಆರು ತಿಂಗಳು ಮೀರಿ ಉಳಿದು ಬದಲಾಗುತ್ತಲೇ ಇತ್ತು. ಎಚ್‌ಐವಿ ಔಷಧ ಬದಲಿಸಿ ಅದು ಹತೋಟಿಗೆ ಬಂದ ಮೇಲೆ ಕೊರೊನಾವೂ ತೊಲಗಿತು.