ಕಬಿನಿಯ ಆನೆಯೋ, ಧೂಪದಾಳದ ಹಕ್ಕಿಯೋ?

ಈ ವಾರ ಮೂಡಲಗಿಯ ಮೂವರು ಗೆಳೆಯರಿಂದ ಕಾಗದ ಬಂದಿದೆ. ಯಾವ ನಾಯಕಿಯ ಮದುವೆ ಯಾವಾಗ, ಯಾವ ನಾಯಕನ ಸಂಭಾವನೆ ಎಷ್ಟು ಎಂಬ ಮಾಮೂಲಿ ಪ್ರಶ್ನೆ ಅಲ್ಲವೇ ಅಲ್ಲ! ಅವರ ಮಾತಿನಲ್ಲೇ ಕೇಳಿ: "ಸಾಹೇಬ್ರ, ವರ್ಷ ಪೂರ್ತಿ ರೊಕ್ಕ ಕೂಡಿಸೇವಿ. ನೀರಿನ ದಂಡಿ ಮ್ಯಾಲೆ ಪ್ರಾಣಿ, ಪಕ್ಷಿ ನೋಡಾಕ ಸಫಾರಿ ಹೋಗಬೇಕಂತೀವಿ. ಒಬ್ಬ ಕಬಿನಿ ಅಂತಾನ, ಒಬ್ಬ ರಂಗನತಿಟ್ಟು ಅಂತಾನ, ಇನ್ನೊಬ್ಬ ಭದ್ರಾ ಅಂತಾನ. ಮೂರಕ್ಕೂ ರೊಕ್ಕ ಸಾಲೂದಿಲ್ಲ. ತೀರ್ಪು ನೀವ ಹೇಳ್ರಿ."

ಹೇಳೋಣ. ಆದರೆ ಮೊದಲು ತಾರೆಯರ ಕಾಲ್‌ಶೀಟ್ ನೋಡಬೇಕು. ತಾರೆ ಊರಲ್ಲಿಲ್ಲದಾಗ ಸೆಟ್ಟಿಗೆ ಹೋದರೆ ಕಾಣುವುದು ಲೈಟು, ಹಗ್ಗ, ಖಾಲಿ ಕುರ್ಚಿ ಮಾತ್ರ!

ಕಬಿನಿ ಸೂಪರ್‌ಸ್ಟಾರ್. 1974ರಲ್ಲಿ ಅಣೆಕಟ್ಟು ಮುಗಿದ ಮೇಲೆ ನಾಗರಹೊಳೆ, ಬಂಡೀಪುರ ಕಾಡುಗಳ ನಡುವೆ ಹಿನ್ನೀರು ಹರಡಿತು. ಬೇಸಿಗೆಯಲ್ಲಿ ಆ ನೀರು ಇಳಿದಂತೆ ಬಯಲಾದ ನೆಲದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಅದನ್ನು ಮೇಯಲು ಆನೆಗಳು ಹಿಂಡು ಹಿಂಡಾಗಿ ಇಳಿದು ಬರುತ್ತವೆ. ಮಾರ್ಚ್‌ನಿಂದ ಮೇವರೆಗೆ ನೋಡುವ ದೃಶ್ಯ ಅದು. 1977ರ 'ನಾಗರಹೊಳೆ' ಚಿತ್ರ ನೋಡಿದವರಿಗೆ ಆ ಕಾಡಿನ ಸೆಳೆತ ಹೇಳಿಕೊಡಬೇಕಿಲ್ಲ. ಆದರೆ ಖರ್ಚು ಜೋರು, ದಾರಿ ದೂರ. ಇನ್ನೊಂದು ಮಾತು. ಹುಲಿ ದಾಳಿಯಲ್ಲಿ ಜನ ಸತ್ತದ್ದರಿಂದ 2025ರ ನವೆಂಬರ್‌ನಲ್ಲಿ ಅಲ್ಲಿನ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತ್ತು. ಹೊರಡುವ ಮೊದಲು ವಿಚಾರಿಸದಿದ್ದರೆ ಗೇಟಿನಿಂದಲೇ ವಾಪಸ್!

ರಂಗನತಿಟ್ಟು ಮಧ್ಯಮವರ್ಗದ ಕುಟುಂಬ ಚಿತ್ರ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಮೈಸೂರು ಸಂಸ್ಥಾನ ಇದನ್ನು ಪಕ್ಷಿಧಾಮ ಮಾಡಿತು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಕುಳಿತರೆ ಮರದ ತುಂಬಾ ಗೂಡು, ಬಂಡೆಯ ಮೇಲೆ ಬಾಯಿ ತೆರೆದ ಮೊಸಳೆ. ಜನವರಿಯಿಂದ ಬೇಸಿಗೆಯವರೆಗೆ ಬಾಣಂತಿತನದ ಗದ್ದಲ. ಭದ್ರಾ ಹಿನ್ನೀರಿನ ಲಕ್ಕವಳ್ಳಿಯಲ್ಲೂ ವರ್ಷದ ಮೊದಲ ತಿಂಗಳುಗಳಲ್ಲಿ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳ ಸಂಸಾರ.

ಎಲ್ಲಾ ಸರಿ. ಆದರೆ ಮೂಡಲಗಿಯ ಮಿತ್ರರೇ, ನಿಮ್ಮ ಪಟ್ಟಿಯಲ್ಲಿ ನಾಲ್ಕನೇ ಹೆಸರು ಯಾಕಿಲ್ಲ? ಮನೆ ಪಕ್ಕದ ಟಾಕೀಸಿನಲ್ಲಿ ವಿದೇಶಿ ತಾರೆ ಬಂದು ಕೂತಿದ್ದರೆ ಬೆಂಗಳೂರಿಗೆ ಬಸ್ ಹತ್ತುವವರುಂಟೇ?

ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟಿನಿಂದ ಇಳಿದು ಬರುವ ಘಟಪ್ರಭೆಗೆ ಗೋಕಾಕ ಫಾಲ್ಸಿಗೆ ಮೊದಲೇ ಧೂಪದಾಳದಲ್ಲಿ ಒಂದು ತಡೆ ಇದೆ. ಬ್ರಿಟಿಷರ ಕಾಲದ್ದು. ಎಡದಂಡೆ ಕಾಲುವೆ ಹೊರಡುವುದೇ ಅಲ್ಲಿಂದ. ಆ ನಿಂತ ನೀರು, ಅದರ ಸುತ್ತಲ ನಡುಗಡ್ಡೆಗಳೇ ಘಟಪ್ರಭಾ ಪಕ್ಷಿಧಾಮ. ಘೋಷಣೆಯಾದದ್ದು 1974ರಲ್ಲಿ, ಅಣ್ಣಾವ್ರು ಅರಣ್ಯಾಧಿಕಾರಿಯಾಗಿ ಮೆರೆದ 'ಗಂಧದ ಗುಡಿ' ತೆರೆಗೆ ಬಂದ ಮರುವರ್ಷ! ವಿಸ್ತೀರ್ಣ ಸುಮಾರು 30 ಚದರ ಕಿಲೋಮೀಟರ್. ರಂಗನತಿಟ್ಟು ಒಂದು ಚದರ ಕಿಲೋಮೀಟರೂ ಇಲ್ಲ.

ಇಲ್ಲಿಯ ನಾಯಕಿ ಡೆಮಾಯ್ಸೆಲ್ ಕ್ರೌಂಚ. ಫ್ರೆಂಚ್ ಭಾಷೆಯಲ್ಲಿ ಡೆಮಾಯ್ಸೆಲ್ ಎಂದರೆ ತರುಣಿ. ಬೂದು ಮೈ, ಕಪ್ಪು ಕೊರಳು, ಕಣ್ಣಿನ ಹಿಂದೆ ಇಳಿಬಿದ್ದ ಬಿಳಿ ಗರಿಯ ಕುಚ್ಚು. ಮೇಕಪ್‌ಮನ್ ಬೇಕಿಲ್ಲ! ಮಧ್ಯ ಏಷ್ಯಾ, ಮಂಗೋಲಿಯಾ ಕಡೆಯಲ್ಲಿ ಮರಿಮಾಡಿ, ಹಿಮಾಲಯ ದಾಟಿ ಚಳಿಗಾಲಕ್ಕೆ ನಮ್ಮ ದೇಶಕ್ಕೆ ಬರುವ ಹಕ್ಕಿ ಇದು. ಯುರೋಪಿನ ಬಿಳಿ ಕೊಕ್ಕರೆಯೂ ಇಲ್ಲಿಯ ಚಳಿಗಾಲದ ಅತಿಥಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಇವರ ಕಾಲ್‌ಶೀಟ್.

ಇಲ್ಲೊಂದು ಎಚ್ಚರ. ಫಾಲ್ಸೂ ನೋಡೋಣ, ಹಕ್ಕೀನೂ ನೋಡೋಣ ಅಂತ ಆಗಸ್ಟಿನಲ್ಲಿ ಹೊರಟರೆ 52 ಮೀಟರ್ ಎತ್ತರದಿಂದ ಧುಮುಕುವ ನೀರು ಕಾಣುತ್ತದೆ, ಕ್ರೌಂಚ ಕಾಣುವುದಿಲ್ಲ. ಜನವರಿಯಲ್ಲಿ ಹೋದರೆ ಹಕ್ಕಿ ಉಂಟು, ಜಲಪಾತ ಸೊರಗಿರುತ್ತದೆ. ಇಬ್ಬರೂ ಒಂದೇ ಫ್ರೇಮಿಗೆ ಬರುವವರಲ್ಲ!

ಆದ್ದರಿಂದ ತೀರ್ಪು ಇದು. ರಜೆ ಬೇಸಿಗೆಯಲ್ಲಿ ಸಿಕ್ಕು ಜೇಬು ಗಟ್ಟಿಯಿದ್ದರೆ ಕಬಿನಿ. ಗೂಡು, ಮರಿ, ಮೊಸಳೆ ಹತ್ತಿರದಿಂದ ನೋಡುವ ಆಸೆಯಿದ್ದರೆ ರಂಗನತಿಟ್ಟು. ಚಳಿಗಾಲವಾದರೆ ಮೊದಲು ಧೂಪದಾಳ. ಕೂಡಿಟ್ಟ ರೊಕ್ಕದಲ್ಲಿ ಒಂದು ಒಳ್ಳೆಯ ಬೈನಾಕ್ಯುಲರ್ ಕೊಳ್ಳಿ. ಅದು ಮೂವರಿಗೂ ಆಗುತ್ತದೆ, ಮುಂದಿನ ವರ್ಷ ಕಬಿನಿಗೂ ಆಗುತ್ತದೆ. ದೂರದಿಂದ ಬರುವ ಗೆಳೆಯರಿಗೆ ಹುಬ್ಬಳ್ಳಿ-ಮೀರಜ್ ರೈಲು ದಾರಿಯಲ್ಲಿ ಘಟಪ್ರಭಾ ಸ್ಟೇಷನ್ ಇದೆ.

ಆದರೆ ಇಲ್ಲಿ ಜೀಪಿನ ಗದ್ದಲದ ನಿರೀಕ್ಷೆ ಬೇಡ. ಬೆಳಗಿನ ಜಾವವೇ ಫಸ್ಟ್ ಷೋ. ಸೂರ್ಯ ಏರಿದರೆ ಕ್ರೌಂಚಗಳು ಕಾಳು ಹೆಕ್ಕಲು ಹೊಲಕ್ಕೆ ಹಾರಿಬಿಡುತ್ತವೆ. ಸಂಜೆ ನೀರಿಗೆ ಮರಳುವುದು ಸೆಕೆಂಡ್ ಷೋ. ನಡುವೆ ಅವನ್ನು ಹುಡುಕಿಕೊಂಡು ರೈತರ ಕಡಲೆ ಹೊಲ ತುಳಿಯಬೇಡಿ.

ಸಿನಿಮಾ ಟಾಕೀಸಿನಲ್ಲಿ ಸೀಟಿ ಹೊಡೆದರೆ ನಾಯಕ ಪರದೆ ಬಿಟ್ಟು ಓಡುವುದಿಲ್ಲ. ಇಲ್ಲಿ ಓಡುತ್ತಾನೆ! ರೀಲ್ಸ್ ಮಾಡುವ ಹುಚ್ಚಿಗೆ ಹಿಂಡನ್ನು ಒಮ್ಮೆ ಎಬ್ಬಿಸಿದರೆ, ಸಾವಿರಾರು ಮೈಲಿ ಹಾರಿ ದಣಿದ ಹಕ್ಕಿಯ ಮೇವು, ವಿಶ್ರಾಂತಿ ಎರಡೂ ಹೋಯಿತು. ದಿನಾ ಹೀಗಾದರೆ ಅವು ಬೇರೆ ನೀರು ನೋಡಿಕೊಳ್ಳುತ್ತವೆ. ಕಬಿನಿಯ ಆನೆ ಕಾಯಲು ಅಲ್ಲಿ ಜೀಪು, ಗಾರ್ಡು, ಗೇಟು ಎಲ್ಲ ಉಂಟು. ಧೂಪದಾಳದ ಹಕ್ಕಿಯನ್ನು ಉಳಿಸುವುದು ಹೆಚ್ಚಾಗಿ ಗೋಕಾಕ, ಮೂಡಲಗಿ, ಹುಕ್ಕೇರಿಯ ಹುಡುಗರ ಕೈಲಿದೆ. ಅಭಿಮಾನ ಅಂದರೆ ಅದೇ ಕಣ್ರಪ್ಪಾ!