ಗೆಳೆಯ ಕಳಿಸಿದ್ದು ಹೌದು, ಗೆಳೆಯ ಹೇಳಿದ್ದಲ್ಲ: ಯಾದಗಿರಿ, ಶಹಾಪುರ, ಸುರಪುರದ ಕಡೆ ಸೋಷಿಯಲ್ ಮೀಡಿಯಾ ಬದಲಿಸಿದ್ದೇನು?

ಮೊಬೈಲ್ ಬಂದ ಮೇಲೆ ಅಗಸಿ ಕಟ್ಟೆಯ ಮೇಲೆ ಕೂತು ಮಾತಾಡುವವರೇ ಇಲ್ಲ ಎಂಬ ಸಂದೇಶ ನಿಮಗೂ ಬಂದಿರಬಹುದು. ಬಂದದ್ದು ಮೊಬೈಲಿಗೇ! ಇದರಲ್ಲಿ ಎಷ್ಟು ನಿಜವಿದೆ? ಸಂಜೆ ಹೊತ್ತು ನಮ್ಮ ಭಾಗದ ಯಾವುದಾದರೂ ಊರಿಗೆ ಹೋಗಿ ನೋಡಿ. ಕಟ್ಟೆ ಖಾಲಿಯಾಗಿಲ್ಲ. ನಾಲ್ಕು ಜನ ಕೂತಿರುತ್ತಾರೆ, ಒಬ್ಬನ ಕೈಯಲ್ಲಿರುವ ಫೋನನ್ನು ಉಳಿದ ಮೂವರು ಬಗ್ಗಿ ನೋಡುತ್ತಿರುತ್ತಾರೆ. ಮಾತು ನಿಂತಿಲ್ಲ. ಆದರೆ ಆ ಮಾತಿಗೆ ಜಾಮೀನು ಯಾರು ಎಂಬುದು ಬದಲಾಗಿದೆ. ಮನರಂಜನೆ, ಖರೀದಿ, ಗೆಳೆತನ ಮೂರರಲ್ಲೂ ಆಗಿರುವುದು ಇದೇ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಶುರುವಾದ ಮೇಲೆ ಡೇಟಾ ಅಗ್ಗವಾಯಿತು. ಅದಕ್ಕೂ ಮೊದಲು ಹಾಡು ಬೇಕೆಂದರೆ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡು ಬರುತ್ತಿದ್ದೆವು. ಆಮೇಲೆ ವಿಡಿಯೊ ತಾನಾಗಿಯೇ ಮನೆಗೆ ಬರತೊಡಗಿತು.

ಮುಂದಿನ ವಿಡಿಯೊ ಆರಿಸುವವರು ಯಾರು?

ಊರಲ್ಲಿ ದೊಡ್ಡಾಟ ಆಡಬೇಕೆಂದರೆ ಯಾವ ಪ್ರಸಂಗ ಎಂದು ಹಿರಿಯರು ಕೂತು ತೀರ್ಮಾನಿಸುತ್ತಿದ್ದರು. ಮೊಹರಂನಲ್ಲಿ ರಿವಾಯತ್ ಪದ ಹಾಡುವವರು ಯಾರೆಂದು ಇಡೀ ಊರಿಗೆ ಗೊತ್ತಿರುತ್ತಿತ್ತು. ಈಗ ನಿಮ್ಮ ಮುಂದಿನ ವಿಡಿಯೊ ಯಾವುದೆಂದು ಆರಿಸುವುದು ಒಂದು ಲೆಕ್ಕಾಚಾರ. ನೀವು ಯಾವುದರ ಮೇಲೆ ಎಷ್ಟು ಸೆಕೆಂಡ್ ನಿಂತಿರಿ, ಯಾವುದನ್ನು ಮತ್ತೆ ನೋಡಿದಿರಿ, ಯಾರಿಗೆ ಕಳಿಸಿದಿರಿ ಎಂಬುದೆಲ್ಲ ಅದರ ಲೆಕ್ಕದಲ್ಲಿರುತ್ತದೆ. ಒಂದು ವಿಡಿಯೊ ನಿಮಗೆ ಇಷ್ಟವಾಗಿ ನಿಂತಿರೋ, ಸಿಟ್ಟು ಬಂದು ನಿಂತಿರೋ ಎಂಬ ವ್ಯತ್ಯಾಸ ಅದಕ್ಕೆ ಅಷ್ಟು ಮುಖ್ಯವಲ್ಲ. ನಿಂತರೆ ಸಾಕು.

ಮನೆಗೊಂದೇ ಫೋನ್ ಇದ್ದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹಗಲು ಮಗ ಟ್ರ್ಯಾಕ್ಟರ್ ಸ್ಟಂಟ್ ನೋಡಿರುತ್ತಾನೆ. ರಾತ್ರಿ ಭಜನೆ ಪದ ಕೇಳೋಣವೆಂದು ಅಜ್ಜಿ ಫೋನ್ ತೆಗೆದರೆ ಎದುರಿಗೆ ಬರುವುದೂ ಅದೇ ಟ್ರ್ಯಾಕ್ಟರ್. ಫೋನಿಗೆ ಅಜ್ಜಿ ಯಾರು, ಮೊಮ್ಮಗ ಯಾರು ಎಂದು ಗೊತ್ತಿಲ್ಲ.

ಇದರಿಂದ ಲಾಭವೇ ಆಗಿಲ್ಲ ಎನ್ನುವುದೂ ಸುಳ್ಳು. ಸಿನಿಮಾದಲ್ಲಿ ನಮ್ಮ ಕಡೆಯ ಮಾತು ಬಹಳ ಕಾಲ ನಗಿಸುವ ಪಾತ್ರಕ್ಕಷ್ಟೇ ಸಿಗುತ್ತಿತ್ತು. ಈಗ ಉತ್ತರ ಕರ್ನಾಟಕದ ಜಾನಪದ ಹಾಡು, ಕಾಮಿಡಿ ವಿಡಿಯೊಗಳನ್ನು ನಮ್ಮವರೇ ನಮ್ಮ ಮಾತಿನಲ್ಲೇ ಮಾಡುತ್ತಾರೆ, ರಾಜ್ಯವೆಲ್ಲ ನೋಡುತ್ತದೆ. ಇದಕ್ಕೆ ಬೆಂಗಳೂರಿನ ಯಾವ ನಿರ್ಮಾಪಕರ ಅಪ್ಪಣೆಯೂ ಬೇಕಾಗಿಲ್ಲ. ಆದರೆ ಆ ಅಂಗಳ ಅವರದಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಅಲ್ಲಿ ಲಕ್ಷಗಟ್ಟಲೆ ಜನರನ್ನು ಸೇರಿಸಿಕೊಂಡಿದ್ದ ಹಳ್ಳಿಯ ಕಲಾವಿದರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಉದ್ರಿ ಪುಸ್ತಕದಿಂದ ಪಾರ್ಸಲ್‌ವರೆಗೆ

ಶಹಾಪುರದ ಬಟ್ಟೆ ಅಂಗಡಿಯಲ್ಲಿ ಉದ್ರಿ ಕೊಡುವ ಮಾಲೀಕನಿಗೆ ನಿಮ್ಮ ಊರು, ಮನೆತನ, ಈ ಸಲ ತೊಗರಿ ಹೇಗೆ ಬಂದಿದೆ ಎಂಬುದೆಲ್ಲ ಗೊತ್ತು. ನಿಮಗೂ ಅವನ ಅಂಗಡಿ ಗೊತ್ತು. ಸೀರೆಯ ಬಣ್ಣ ಹೋದರೆ ಮರುದಿನ ಹೋಗಿ ಜಗಳವಾಡಬಹುದು. ವ್ಯಾಪಾರ ನಡೆಯುತ್ತಿದ್ದದ್ದೇ ಈ ಎರಡೂ ಕಡೆಯ ಗುರುತಿನ ಮೇಲೆ.

ಆನ್‌ಲೈನ್ ಕಂಪನಿಗಳಿಗೂ ಇದು ಗೊತ್ತಿತ್ತು. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋ ಬೆಳೆದದ್ದೇ ಹಾಗೆ. ಮನೆಯಲ್ಲಿರುವ ಹೆಣ್ಣುಮಕ್ಕಳು ಸೀರೆ, ಕುರ್ತಾಗಳ ಫೋಟೊಗಳನ್ನು ತಮ್ಮ ವಾಟ್ಸ್ಆ್ಯಪ್ ಬಳಗಕ್ಕೆ ಕಳಿಸುತ್ತಿದ್ದರು. ಅದರ ಮೇಲೆ ತಮ್ಮ ಲಾಭ ಇಟ್ಟುಕೊಂಡು ಮಾರುತ್ತಿದ್ದರು. ಕೊಳ್ಳುವವರು ಕಂಪನಿಯನ್ನು ನಂಬಿದ್ದಲ್ಲ, ಓಣಿಯ ಅಕ್ಕನನ್ನು ನಂಬಿದ್ದು. ಇದರಿಂದ ಎಷ್ಟೋ ಹೆಣ್ಣುಮಕ್ಕಳ ಕೈಗೆ ಸ್ವಂತ ದುಡ್ಡು ಬಂತು. ಆದರೆ ಮಾಲು ಕೆಟ್ಟದಾಗಿ ಬಂದರೆ ಅಕ್ಕನೂ ಅದನ್ನು ಫೋಟೊದಲ್ಲಷ್ಟೇ ನೋಡಿರುತ್ತಾಳೆ. ಜಾಮೀನು ಅವಳದು, ಮಾಲು ಇನ್ಯಾರದೋ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಜಾಹೀರಾತಿನಲ್ಲಿ ಆ ಅಕ್ಕನೂ ಇಲ್ಲ. ಇಳಕಲ್ ಸೀರೆ 299 ರೂಪಾಯಿ, ಮೊದಲೇ ದುಡ್ಡು ಹಾಕಬೇಕು ಎಂದಿದ್ದರೆ ಒಂದು ಕೆಲಸ ಮಾಡಿ. ಮಾರುವವರ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ವಿವರ ಇದೆಯೇ ನೋಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅದನ್ನು ಕಾಣುವಂತೆ ಹಾಕಲೇಬೇಕು. ಬರೀ ವಾಟ್ಸ್ಆ್ಯಪ್ ನಂಬರ್ ಇದ್ದರೆ ದುಡ್ಡು ಹಾಕಬೇಡಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

‘ನಾವು ಮಾತಾಡಿದ್ದನ್ನು ಫೋನ್ ಕದ್ದು ಕೇಳುತ್ತದೆ, ಅದಕ್ಕೇ ಅದರ ಜಾಹೀರಾತೇ ಬರುತ್ತದೆ’ ಎಂಬ ನಂಬಿಕೆ ಬಹಳ ಇದೆ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕದ್ದು ಧ್ವನಿ ಕಳಿಸಿದ್ದಕ್ಕೆ ಅವರಿಗೆ ಸಾಕ್ಷಿ ಸಿಗಲಿಲ್ಲ. ಕೆಲವು ಆ್ಯಪ್‌ಗಳು ಪರದೆಯ ಮೇಲಿನ ಚಿತ್ರವನ್ನೇ ಹೊರಗೆ ಕಳಿಸುತ್ತಿದ್ದವು ಎಂಬುದು ಮಾತ್ರ ಗೊತ್ತಾಯಿತು. ನೀವೆಲ್ಲಿದ್ದೀರಿ, ಏನು ಹುಡುಕಿದಿರಿ, ಯಾವುದರ ಮೇಲೆ ನಿಂತಿರಿ ಎಂಬ ಮಾಹಿತಿ ಇದ್ದರೆ ಮಾತು ಕೇಳದೆಯೂ ನಿಮ್ಮ ಮನಸ್ಸಿನಲ್ಲಿರುವುದನ್ನು ಊಹಿಸಬಹುದು. ನನಗೇನೋ ಇದೇ ಹೆಚ್ಚು ಅಂಜಿಕೆಯ ವಿಷಯ ಅನ್ನಿಸುತ್ತದೆ.

ಗುಳೆ ಹೋದವರ ಗ್ರೂಪ್

ಸೋಷಿಯಲ್ ಮೀಡಿಯಾ ಗೆಳೆತನ ಕೆಡಿಸಿತು ಎನ್ನುವವರು ನಮ್ಮ ಜಿಲ್ಲೆಯ ಗುಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆಂಗಳೂರು, ಪುಣೆ, ಮುಂಬೈಗೆ ಕಟ್ಟಡ ಕೆಲಸಕ್ಕೆ ಹೋದವರು ಮೊದಲು ಊರಿನ ಸುದ್ದಿಗೆ ವಾರಗಟ್ಟಲೆ ಕಾಯಬೇಕಿತ್ತು. ಈಗ ಅಜ್ಜಿಯ ಹತ್ತಿರ ಬಿಟ್ಟುಬಂದ ಮಗುವಿನ ಮುಖವನ್ನು ತಾಯಿ ದಿನಾ ನೋಡುತ್ತಾಳೆ. ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಬರಲಾಗದವನು ವಿಡಿಯೊದಲ್ಲೇ ಕೈಮುಗಿಯುತ್ತಾನೆ. ಎಲ್ಲಿ ಕೆಲಸವಿದೆ, ಯಾವ ಮೇಸ್ತ್ರಿ ಪಗಾರ ಕೊಡುವುದಿಲ್ಲ ಎಂಬುದೂ ಇಂಥ ಗ್ರೂಪುಗಳಲ್ಲಿ ಬರುತ್ತದೆ. ಇದನ್ನು ಟೈಂಪಾಸ್ ಎನ್ನಲಾಗದು.

ಆದರೆ ಗ್ರೂಪಿನ ಗಾತ್ರಕ್ಕೂ ಗೆಳೆತನಕ್ಕೂ ಸಂಬಂಧವಿಲ್ಲ. ಆಕ್ಸ್‌ಫರ್ಡ್‌ನ ರಾಬಿನ್ ಡನ್‌ಬಾರ್ 2016ರಲ್ಲಿ ಬ್ರಿಟನ್ನಿನ 3,000ಕ್ಕೂ ಹೆಚ್ಚು ಜನರ ಸಮೀಕ್ಷೆಯನ್ನು ಪ್ರಕಟಿಸಿದರು. ಫೇಸ್‌ಬುಕ್‌ನಲ್ಲಿ ಸರಾಸರಿ 150ರಷ್ಟು ಗೆಳೆಯರಿದ್ದವರೂ ಕಷ್ಟಕ್ಕೆ ಆಗುತ್ತಾರೆ ಎಂದು ಹೇಳಿದ್ದು ಸುಮಾರು 4 ಜನರನ್ನು ಮಾತ್ರ. ಬ್ರಿಟನ್ನಿನ ಲೆಕ್ಕ ನಮಗೇಕೆ ಎನ್ನಬಹುದು. ಆಸ್ಪತ್ರೆಗೆ ಸೇರಿದಾಗ ‘ಬೇಗ ಹುಷಾರಾಗಿ’ ಎಂದು ಬಂದ ಕೈಮುಗಿದ ಗುರುತುಗಳೆಷ್ಟು, ಬುತ್ತಿ ಕಟ್ಟಿಕೊಂಡು ಬಂದವರೆಷ್ಟು ಎಂದು ನೀವೇ ಎಣಿಸಿ ನೋಡಿ.

ಗ್ರೂಪಿನ ನಿಜವಾದ ಅಪಾಯ ಬೇರೆಯೇ ಇದೆ. ಗೆಳೆಯನ ಹೆಸರಿನಲ್ಲಿ ಬಂದದ್ದೆಲ್ಲ ಗೆಳೆಯನ ಮಾತು ಅನ್ನಿಸುತ್ತದೆ. ಮುಖಾಮುಖಿ ಸಿಕ್ಕಾಗ ‘ನಿನಗೆ ಯಾರು ಹೇಳಿದರು, ನೀನೇ ನೋಡಿದೆಯಾ?’ ಎಂದು ಕೇಳುತ್ತೇವೆ. ಫಾರ್ವರ್ಡ್‌ನಲ್ಲಿ ಆ ಪ್ರಶ್ನೆಯೇ ಬಿಟ್ಟುಹೋಗುತ್ತದೆ.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶ ರಾಜ್ಯದ ತುಂಬ ಹರಿದಾಡಿತ್ತು. ಜೊತೆಗೆ ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಜಾಗೃತಿಗಾಗಿ ತೆಗೆದ ಚಿತ್ರ. ಮಗುವನ್ನು ವಾಪಸ್ ತಂದು ಬಿಟ್ಟು, ಜಾಗೃತಿಯ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ವರ್ಷ ಜುಲೈ 13ರಂದು ನಮ್ಮ ಕಲಬುರಗಿ ವಿಭಾಗದ್ದೇ ಆದ ಬೀದರ್ ಜಿಲ್ಲೆಯಲ್ಲಿ, ಔರಾದ್ ಕಡೆಯ ಗೆಳೆಯನ ಊರಿಗೆ ಹೈದರಾಬಾದ್‌ನಿಂದ ಬಂದಿದ್ದವರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಕಳ್ಳರೆಂಬ ವಿಡಿಯೊ ಅವರ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ರಸ್ತೆ ಕಟ್ಟಿ ಹೊಡೆದರು, ಒಬ್ಬರು ಸತ್ತರು. ಪೊಲೀಸರು ಬಂಧಿಸಿದವರಲ್ಲಿ ವಾಟ್ಸ್ಆ್ಯಪ್ ಗ್ರೂಪಿನ ಅಡ್ಮಿನ್ ಕೂಡ ಇದ್ದ. ವಿಡಿಯೊ ಕಳಿಸಿದವರಲ್ಲಿ ಹೆಚ್ಚಿನವರು ತಮ್ಮ ಊರಿನ ಮಕ್ಕಳನ್ನು ಉಳಿಸುತ್ತಿದ್ದೇವೆ ಎಂದೇ ತಿಳಿದಿದ್ದಿರಬೇಕು.

ಇಂಥ ಘಟನೆಗಳ ಮೇಲೆ ವಾಟ್ಸ್ಆ್ಯಪ್ ಅದೇ ಜುಲೈನಲ್ಲಿ ಭಾರತದಲ್ಲಿ ಒಂದು ಸಲಕ್ಕೆ 5 ಚಾಟ್‌ಗಳಿಗಷ್ಟೇ ಫಾರ್ವರ್ಡ್ ಎಂಬ ಮಿತಿ ತಂದಿತು. ಬಹಳ ಕೈ ದಾಟಿ ಬಂದ ಸಂದೇಶಕ್ಕೆ ಎರಡು ಬಾಣದ ಗುರುತು ಬರುತ್ತದೆ, 2020ರ ಏಪ್ರಿಲ್‌ನಿಂದ ಅದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಇದರಿಂದ ಅಂಥ ಸಂದೇಶಗಳು 70% ಕಡಿಮೆಯಾದವು ಎಂದು ಕಂಪನಿಯೇ ಹೇಳಿತ್ತು. ಎರಡು ಬಾಣ ಕಂಡರೆ ಅದನ್ನು ಬರೆದವರು ನಿಮ್ಮ ಗೆಳೆಯರಲ್ಲ ಎಂದೇ ಅರ್ಥ.

ಬಾಣದ ಗುರುತಿಲ್ಲದೆ ಬರುವ ಮೋಸವೂ ಇದೆ. ಗೆಳೆಯನ ಫೋಟೊ, ಹೆಸರು ಹಾಕಿದ ಹೊಸ ಖಾತೆಯಿಂದ ‘ಅರ್ಜೆಂಟ್ 5,000 ಹಾಕು, ನಾಳೆ ಕೊಡ್ತೀನಿ’ ಎಂದು ಬರುತ್ತದೆ. ಮದುವೆ ಕಾರ್ಡ್ ಎಂದು ಬಂದ ಫೈಲಿನ ಹೆಸರಿನ ಕೊನೆಗೆ ‘ಎಪಿಕೆ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಕಾರ್ಡ್ ಅಲ್ಲ, ಫೋನಿಗೆ ನುಗ್ಗುವ ಆ್ಯಪ್. ದುಡ್ಡು ಕೇಳಿದವರ ಹಳೆಯ ನಂಬರಿಗೆ ಕರೆ ಮಾಡಿ, ಧ್ವನಿ ಕೇಳಿ, ಅವರಿಗಷ್ಟೇ ಗೊತ್ತಿರುವ ಏನಾದರೊಂದು ವಿಷಯ ಕೇಳಿ. ದುಡ್ಡು ಹೋಗಿಯೇಬಿಟ್ಟಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ 1930ಕ್ಕೆ ಕರೆ ಮಾಡಿ. ಆ ದುಡ್ಡು ಖಾತೆಯಿಂದ ಖಾತೆಗೆ ದಾಟುವ ಮೊದಲೇ ತಿಳಿಸಿದರೆ ಬ್ಯಾಂಕಿನವರು ತಡೆಹಿಡಿಯಬಹುದು.