ಮಳೆಯ ಸೀಮೆಯ ನೀರಡಿಕೆ

ಪಡುವಣ ಕರಾವಳಿಯೆಂದರೆ ನೀರಿಗೆ ಕೊರತೆಯೆಂಬುದನ್ನೇ ಅರಿಯದ ಸೀಮೆಯೆಂದು ಬಯಲುನಾಡಿನ ನಮ್ಮ ಜನರಲ್ಲಿ ದೃಢವಾದ ನಂಬಿಕೆಯುಂಟು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನ ಮಳೆಗಾಗಿ ಮುಗಿಲನ್ನು ನೋಡುತ್ತ ಕೂಡ್ರುವ ವಿಜಯಪುರದ ಒಕ್ಕಲಿಗನಿಗೆ, 3,500 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ದಕ್ಷಿಣ ಕನ್ನಡದ ಮೇಲೆ ಅಸೂಯೆ ಹುಟ್ಟಿದರೆ ಅಚ್ಚರಿಯೇನು? ಆದರೆ ಆ ನಂಬಿಕೆಯು ಅರ್ಧ ಮಾತ್ರ ನಿಜ. ಅರ್ಧ ನಿಜವನ್ನು ನೆಚ್ಚಿ ಒಂದೇ ನಾಡಿನವರು ಒಬ್ಬರನ್ನೊಬ್ಬರು ಅಳೆಯುವದು ತರವಲ್ಲವೆಂದು ನಾವು ಬಗೆಯುತ್ತೇವೆ.

ಆ ಮಳೆಯ ಬಹುಭಾಗವು ಜೂನದಿಂದ ಸಪ್ಟೆಂಬರದ ವರೆಗಿನ ನಾಲ್ಕೇ ತಿಂಗಳಲ್ಲಿ ಬಿದ್ದುಹೋಗುತ್ತದೆ. ಘಟ್ಟಕ್ಕೂ ಕಡಲಿಗೂ ನಡುವಣ ದೂರ ಅಲ್ಪ, ಇಳಿಜಾರು ಬಹಳ. ಬಿದ್ದ ನೀರು ನಿಲ್ಲಲಾರದೆ ಓಡುತ್ತದೆ. ಓಡದೆ ಉಳಿದದ್ದನ್ನು ಮುರಕಲ್ಲಿನ ಗುಡ್ಡಗಳು ಹೀರಿಕೊಂಡು ಮೆಲ್ಲಮೆಲ್ಲನೆ ಕೆಳಗೆ ಬಿಡುತ್ತವೆ. ಏಪ್ರಿಲ ಬರುವಷ್ಟರಲ್ಲಿ ಗುಡ್ಡದ ಮೇಲಿನ ಮನೆಯವರಿಗೆ ಕೊಡ ನೀರೂ ದುರ್ಲಭ. ಮಳೆಗಾಲದಲ್ಲಿ ತೇವದಿಂದ ಪಾಚಿಗಟ್ಟಿದ್ದ ಅಂಗಳವು ಆಗ ಬಿರಿದಿರುತ್ತದೆ!

ಈ ಸಂಕಟಕ್ಕೆ ಅಲ್ಲಿಯ ಜನರು ಕಂಡುಕೊಂಡ ಉಪಾಯವೇ ಸುರಂಗ. ಬಾವಿಯಂತೆ ಕೆಳಕ್ಕೆ ತೋಡದೆ, ಗುಡ್ಡದ ಒಡಲಿನೊಳಕ್ಕೆ ಅಡ್ಡಲಾಗಿ, ಒಬ್ಬನೇ ಮನುಷ್ಯನು ನುಸುಳುವಷ್ಟು ಅಗಲವಾಗಿ ಕೊರೆಯುವದು. ಒಸರುವ ನೀರು ತಾನಾಗಿ ಹೊರಗೆ ಹರಿದು ಮಣ್ಣಿನ ಕೆರೆಯನ್ನು ಸೇರುವದು. ಎತ್ತಬೇಕಿಲ್ಲ, ಯಂತ್ರ ಬೇಕಿಲ್ಲ. ಒಳಗೆ ಉರಿಯುವ ದೀಪವು ಮಂಕಾದರೆ ಗಾಳಿ ಸಾಲದೆಂದು ತಿಳಿದು ತೋಡುವವನು ಹೊರಬೀಳುತ್ತಾನೆ. ಬಂಟ್ವಾಳ ತಾಲೂಕಿನ ಮಾಣಿಲದಲ್ಲಿಯೂ ಅದರ ನೆರೆಯ ಊರುಗಳಲ್ಲಿಯೂ ಇಂಥವನ್ನು ಹೇರಳವಾಗಿ ಕಾಣಬಹುದು.

ಬಯಲುನಾಡಿನಲ್ಲಿ ಕೆರೆಯ ಸುತ್ತ, ಹೊಳೆಯ ದಂಡೆಗೆ ಮನೆಗಳು ಒತ್ತೊತ್ತಾಗಿ ನಿಂತು ಊರಾಗುತ್ತವೆ. ಅಲ್ಲಿಯೋ, ತನ್ನ ಇಳಿಜಾರಿನಲ್ಲಿ ತನ್ನದೇ ನೀರು ಸಿಕ್ಕಲ್ಲಿ ಒಂದೊಂದು ಮನೆ, ಅದರ ಬುಡದಲ್ಲಿ ಒಂದು ಅಡಿಕೆಯ ತೋಟ. ನೆರೆಮನೆಯೆಂದರೆ ಗುಡ್ಡದ ಆಚೆ. ಕರಾವಳಿಯವರು ಮಿತಭಾಷಿಗಳು, ಲೆಕ್ಕದ ಜನರು ಎಂದು ನಗುವವರು, ನೀರನ್ನು ಅಳೆದು ಬಳಸಲು ಕಲಿಸಿದ ಆ ನೆಲವನ್ನೊಮ್ಮೆ ನೋಡಿ ಬರಲಿ.

ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಪರರ ತೋಟದಲ್ಲಿ ಕೂಲಿಗೆ ದುಡಿದವರು. ಕೈಗೆ ಬಂದ ಬೋಳುಗುಡ್ಡದಲ್ಲಿ ಹಗಲ ಕೂಲಿ ಮುಗಿಸಿದ ಮೇಲೆ ಒಬ್ಬರೇ ಸುರಂಗ ಕೊರೆದರು. ಒಂದಲ್ಲ, ಹಲವು ಸುರಂಗಗಳು ಬರಿದಾದವು, ಜನ ನಕ್ಕರು, ಕಡೆಗೆ ನೀರು ಬಂತು, ತೋಟವೆದ್ದಿತು. ಸರಕಾರವು 2022ರಲ್ಲಿ ಅವರಿಗೆ ಪದ್ಮಶ್ರೀಯನ್ನಿತ್ತಿತು. ಪದವಿಗಳ ಹಂಚಿಕೆಯನ್ನು ನಾವು ಯಾವಾಗಲೂ ಮೆಚ್ಚಿದವರಲ್ಲ. ಇದನ್ನು ಮಾತ್ರ ಮನಸಾರೆ ಮೆಚ್ಚಿದೆವು.

1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಗುಡ್ಡಗಳ ಸಾಲಿನ ಮೇಲೆ ರಾಜ್ಯದ ಗೆರೆ ಬಿತ್ತು. ಆದರೆ ಗೆರೆಯ ಈಚೆಯ ಮಾಣಿಲದಲ್ಲಿಯೂ ಆಚೆಯ ಬಾಯಾರಿನಲ್ಲಿಯೂ ಕಲ್ಲು ಒಂದೇ, ಸುರಂಗ ಒಂದೇ, ಅದನ್ನು ಕುರಿತಾಡುವ ನುಡಿಗಳೂ ಅವೇ.

ಈಗ ಅದೇ ಗುಡ್ಡಗಳ ಮೇಲೆ ಕೊಳವೆಬಾವಿಯ ಯಂತ್ರಗಳು ಏರಿವೆ. ಅವು ಹೆಚ್ಚಿದ ಕಡೆ ಸುರಂಗಗಳು ಸೊರಗಿದವೆಂದು ಅಲ್ಲಿಯ ಕೃಷಿಕರು ಹೇಳುತ್ತಿದ್ದಾರೆ. ಕಲ್ಲಿಗಾಗಿ ಗುಡ್ಡವನ್ನೇ ಕಡಿದು ಸಾಗಿಸಿದರೆ ನೀರು ಹಿಡಿದಿಡುವದಾದರೂ ಯಾವದು? ತೋಡುವ ವಿದ್ಯೆ ಬಲ್ಲ ಮುದುಕರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಅವರ ಮಕ್ಕಳು ಮುಂಬಯಿಯಲ್ಲಿಯೋ ಕೊಲ್ಲಿಯ ದೇಶಗಳಲ್ಲಿಯೋ ಇದ್ದಾರೆ. ಗಡಿಯ ಎರಡೂ ಬದಿಯ ಗ್ರಾಮಪಂಚಾಯತಿಗಳು ಬರುವ ಮಳೆಗಾಲಕ್ಕೆ ಮೊದಲೇ ತಮ್ಮ ಸುರಂಗಗಳನ್ನು ಎಣಿಸಿ ದಫ್ತರದಲ್ಲಿ ಬರೆದಿಡಲಿ. ಯಾವದರಲ್ಲಿ ನೀರುಂಟು, ಯಾವದು ಕುಸಿದಿದೆ ಎಂಬುದನ್ನೂ ನಮೂದಿಸಲಿ. ಆ ಭಾಗದ ಉಪಾಧ್ಯಾಯರು ಮನಸ್ಸು ಮಾಡಿದರೆ ಅರ್ಧ ಕೆಲಸವು ಮಕ್ಕಳಿಂದಲೇ ಆದೀತು. ಯಾರ ಮನೆಯ ಹಿಂದೆ ಸುರಂಗವಿದೆಯೆಂಬುದು ಆ ಮಕ್ಕಳಿಗೆ ತಿಳಿದಷ್ಟು ಯಾವ ಕಚೇರಿಗೂ ತಿಳಿಯದು.